ದಾಸರ ಕೀರ್ತನೆ ಅಂತ ಬರದಿಟ್ಟ ಕ್ಯಾಸೆಟ್ಟು

ಹೆಸರು ಹೇಳೂದಿಲ್ಲ, ಕೇಳಬ್ಯಾಡ್ರಿ. ಇದನ್ನ ಓದೂ ಅರ್ಧ ಮಂದಿ ಅವತ್ತ ಅಲ್ಲೇ ಕೂತಿದ್ರಿ, ನಿಮಗ ಗೊತ್ತ ಅದ.

ಶ್ರಾವಣ ಶುಕ್ರವಾರ. ಭಜನಿ ಮುಗದು ಆರತಿ ತಾಟು ಎತ್ತೂ ಹೊತ್ತಿಗೆ ಒಬ್ಬರ ಫೋನು ಬಡಕೊಂಡ್ತು. 1982ರ ಡಿಸ್ಕೋ ಡ್ಯಾನ್ಸರ್ ಸಿನಿಮಾದ ಆ ಜಿಮ್ಮಿ ಜಿಮ್ಮಿ ಹಾಡು. ಫೋನು ಪರ್ಸಿನ ತಳದಾಗ, ಪರ್ಸು ಪಿಶವಿಯೊಳಗ, ಪಿಶವಿ ಮ್ಯಾಲೆ ಉಡಿ ಅಕ್ಕಿ ಗಂಟು. ಅವರು ಹುಡುಕಿ ತಗಿಯೂತನಕ ಹಾಡು ಪೂರಾ ಒಂದು ಸುತ್ತು ಆತು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಿದ್ರ ಛೊಲೊ ಇತ್ತು. "ಮೊಣಕಾಲು ನೋವು ಅಂತಿದ್ರಿ, ಕುಣೀಲಿಕ್ಕೆ ಏನೂ ಅಡ್ಡಿ ಇಲ್ಲ ಕಾಣಸ್ತದ" ಅಂದೆ. ನಗಿ ಇನ್ನೂ ಜೋರಾತು. ಅವರೂ ನಕ್ಕರು, ಆದ್ರ ಕಿವಿ ಕೆಂಪಾಗಿದ್ವು.

ಮುಂದಿನ ಶುಕ್ರವಾರ ಅವರ ಫೋನು ಬರೇ ಟ್ರಿಣ್ ಟ್ರಿಣ್ ಅಂತು. ಹಳೇ ಆಫೀಸಿನೊಳಗ ಬಾರಸ್ತಿತ್ತಲ್ಲ, ಹಂಗ. ಯಾರೂ ತಿರುಗಿ ನೋಡಲಿಲ್ಲ. ನನಗ ಮಾತ್ರ ಆರತಿ ಹಾಡಿನ ಎರಡನೇ ನುಡಿ ಮರತುಹೋತು.

ಯಾಕಂದ್ರ ನನ್ನ ಫೋನಿನೊಳಗ ಏನದ ಅಂತ ನನಗ ಗೊತ್ತು. ಮಧ್ಯಾಹ್ನ ಮನ್ಯಾಗ ಯಾರೂ ಇಲ್ಲದಾಗ ಭಾಂಡೆ ತಿಕ್ಕಕೋತ, ಒಂದು ಖಾಲಿ ಸ್ಟೀಲ್ ಡಬ್ಬಿಯೊಳಗ ಫೋನಿಟ್ಟು (ದನಿ ದೊಡ್ಡದಾಗ್ತದ, ಮಾಡಿ ನೋಡ್ರಿ) ನಾ ಕೇಳೂದು ಬೋನಿ ಎಂ. ಡ್ಯಾಡಿ ಕೂಲ್, ಮಾ ಬೇಕರ್, ರಾಸ್ಪುಟಿನ್. ಇವತ್ತಿಂದಲ್ಲ, ನಲವತ್ತು ವರ್ಷದಿಂದ. ಗೇಟಿನ ಸಪ್ಪಳಾದ್ರ ಬಂದ್ ಮಾಡತೀನಿ. ಮನಿಯವರಿಗೆ ಗೊತ್ತದೋ ಇಲ್ಲೋ, ಅವರು ಕೇಳಿಲ್ಲ, ನಾ ಹೇಳಿಲ್ಲ.

ನನ್ನ ತವರಮನಿ ಧಾರವಾಡ. ಆಗಿನ ಧಾರವಾಡ ಅಂದ್ರ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಊರೊಳಗ ಇದ್ದ ಕಾಲ, ಬಾಜೂ ಹುಬ್ಬಳ್ಳಿಯೊಳಗ ಗಂಗೂಬಾಯಿ ಹಾನಗಲ್. ನಮ್ಮೂರಾಗ ಹಾಲು ಹಾಕಾಂವಗೂ ಯಮನ್ ಯಾವುದು ಭೂಪ ಯಾವುದು ಗೊತ್ತು ಅಂತ ನಮ್ಮಪ್ಪ ಹೇಳತಿದ್ರು. (ಸುಳ್ಳು. ನಮ್ಮ ಹಾಲಿನಾಂವಗ ನೀರು ಎಷ್ಟು ಬೆರಸಬೇಕು ಅನ್ನೂದಷ್ಟ ಗೊತ್ತಿತ್ತು.) ನಾವು ಸಿನಿಮಾ ಹಾಡು ಹಚ್ಚಿದ್ರ ಅಪ್ಪ ಬೈತಿದ್ದಿಲ್ಲ. ಎದ್ದು ಹೊರಗ ಹೋಗಿ ಕಟ್ಟಿ ಮ್ಯಾಲೆ ಕೂಡತಿದ್ರು. ಬೈದಿದ್ರ ನಡೀತಿತ್ತು. ಅವರು ಹಂಗ ಎದ್ದು ಹೋಗೂದು ನೋಡಿದ್ರ ನಾವು ಏನೋ ಮುಸುರಿ ಕೈಲೆ ದೇವರ ಮನಿ ಮುಟ್ಟಿದಂಗ ಅನಸ್ತಿತ್ತು.

ಅಂಥಾ ಮನಿಗೆ 1984ರಾಗ ನಮ್ಮ ದೊಡ್ಡವ್ವನ ಮಗ ಮುಂಬೈಯಿಂದ ಒಂದು ಟೂ ಇನ್ ಒನ್ ತಂದ. ಅಜ್ಜಿಗೆ ದೇವರ ಹಾಡು ಕೇಳಲಿಕ್ಕೆ ಅಂತ ಹೇಳಿ ತಂದದ್ದು. ಸಂಗತೀಲೆ ತನ್ನ ಸಲುವಾಗಿ ಒಂದು ಬೋನಿ ಎಂ ಕ್ಯಾಸೆಟ್ಟು. ಆಗ ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿ ಕೊಡತಿದ್ರಲ್ಲ, ಅಂಥಾದ್ದು. ಹೋಗೂ ಮುಂದ ಮರತು ಬಿಟ್ಟುಹೋದ. ಮರತನೋ, ನಾ ಬಚ್ಚಿಟ್ಟೆನೋ, ಅದು ಬ್ಯಾರೆ ಮಾತು. ಅದರ ಚೀಟಿ ಹರದು ನನ್ನ ಮುದ್ದಾದ ಅಕ್ಷರದಾಗ "ದಾಸರ ಕೀರ್ತನೆ, ಭಾಗ 2" ಅಂತ ಬರದು ಅಂಟಿಸಿದೆ. ಭಾಗ 1 ಖರೇನೇ ದಾಸರ ಕೀರ್ತನೆ ಇತ್ತು, ಹಿಂಗಾಗಿ ಯಾರಿಗೂ ಸಂಶಯ ಬರಲಿಲ್ಲ. ಹತ್ತನೇತ್ತಾ ಪರೀಕ್ಷಾ ಓದಿದ್ದು ಆ ಭಾಗ 2 ಕೇಳಕೋತ, ದನಿ ಸಣ್ಣ ಮಾಡಿ, ಸ್ಪೀಕರಿಗೆ ಕಿವಿ ಹಚ್ಚಿ.

ಒಂದು ಏಕಾದಶಿ ದಿವಸ ಅಜ್ಜಿ ತಾನ ಹೋಗಿ ಕ್ಯಾಸೆಟ್ಟು ಹಾಕಿದ್ಲು. ಕಣ್ಣು ಮಂಜು, ಒಂದು ಎರಡು ಯಾರು ನೋಡತಾರ. ನಾ ಹಿತ್ತಲದಾಗ ಬಟ್ಟಿ ಹಿಂಡತಿದ್ದೆ. ರಿವರ್ಸ್ ಆಫ್ ಬ್ಯಾಬಿಲಾನ್ ಸುರು ಆದದ್ದು ಕಿವಿಗೆ ಬಿತ್ತು, ಆ ಹಾಡು ಮೊದಲಿಗೆ ಮಾತಿಲ್ಲದ ಗುಂಯ್‌ಗುಟ್ಟೂ ದನಿಲೆ ಸುರು ಆಗ್ತದ. ಹಸೀ ಕೈಲೆ ಓಡಿ ಬಂದೆ. ನೋಡಿದ್ರ ಅಜ್ಜಿ ಕಣ್ಣು ಮುಚ್ಚಿ ಕೂತಾಳ, ಒಂದು ಕೈಯಾಗ ಜಪಮಾಲಿ, ಇನ್ನೊಂದು ಕೈ ತೊಡಿ ಮ್ಯಾಲೆ ತಾಳ ಹಾಕಲಿಕ್ಕತ್ತದ. "ಮಾತು ಒಂದೂ ತಿಳೀವಲ್ದು. ಯಾ ಕಡೆ ದಾಸರೋ ಏನೋ. ಆದ್ರ ಭಕ್ತಿ ಅದ ನೋಡು" ಅಂದ್ಲು. ಮುಂದಿನ ಹಾಡು ಸುರು ಆಗೂದರೊಳಗ ನಾ ಬಟನ್ ಒತ್ತಿದೆ.

ಈ ಕತಿ ಹೇಳಿ ಹೇಳಿ ನಾವು ಅಕ್ಕತಂಗ್ಯಾರು ಭಾಳ ವರ್ಷ ನಕ್ಕೀವಿ. ನಗೂದು ಬಿಟ್ಟದ್ದು ನಮ್ಮ ಓಣಿಯ ಕ್ರಿಶ್ಚನ್ ಟೀಚರಬಾಯಿ ಅದರ ಅರ್ಥ ಹೇಳಿದ ಮ್ಯಾಲೆ. ಅದು ಬೈಬಲ್ಲಿನೊಳಗಿನದಂತ, 137ನೇ ಸ್ತೋತ್ರ. ಕನ್ನಡ ಬೈಬಲ್ಲಿನೊಳಗ ಆ ಭಾಗದ ಹೆಸರೇ "ಕೀರ್ತನೆಗಳು". ಸೆರಿ ಹಿಡದು ಬಾಬಿಲೋನಿಗೆ ಒಯ್ದ ಯಹೂದಿ ಮಂದಿ ಅಲ್ಲಿಯ ಹೊಳಿ ದಂಡಿ ಮ್ಯಾಲೆ ಕೂತು ತಮ್ಮೂರು ನೆನಸಿ ಅತ್ತದ್ದು. ಹಿಡದು ತಂದವರು ನಿಮ್ಮ ಕಡೆ ಹಾಡು ಹಾಡಿ ನಮ್ಮನ್ನ ನಗಸ್ರಿ ಅಂದಾಗ, ಪರನಾಡಿನ್ಯಾಗ ಹೆಂಗ ಹಾಡೂದು ಅಂತ ಅವರ ಪ್ರಶ್ನಾ. 1970ರಾಗ ಜಮೈಕಾದ ಮೆಲೋಡಿಯನ್ಸ್ ಅನ್ನೂ ಹಾಡುಗಾರರು ಇದನ್ನ ಮೊದಲ ಹಾಡಿದ್ರು. ಅವರ ಹಿರಿಯಾರನ್ನ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನ್ಯಾಗ ತಂದದ್ದು, ಹಿಂಗಾಗಿ ಆ ಮಾತು ಅವರದೂ ಆತು. ಬೋನಿ ಎಂ ಅದನ್ನ 1978ರಾಗ ಹಾಡಿ ಜಗತ್ತಿಗೆಲ್ಲಾ ಮುಟ್ಟಿಸಿದ್ರು. ಅಂದ್ರ ನನ್ನ ಚೀಟಿ ಅರ್ಧ ಖರೇನ ಇತ್ತು, ಅಜ್ಜಿ ಮಾತಂತೂ ಪೂರಾ ಖರೆ.

ಟೀಚರಬಾಯಿ ಅದನ್ನ ಹೇಳೂ ಮುಂದ ನನಗ ನನ್ನ ಮದಿವಿ ಆದ ವರ್ಷ ನೆನಪಾತು. ಅರಿಷಿಣ ಕುಂಕುಮಕ್ಕ ಕೂತ ಹೆಣಮಕ್ಕಳೆಲ್ಲಾ "ಧಾರವಾಡದಾಕಿ, ಒಂದು ಹಾಡು ಹಾಡವಾ" ಅಂದಿದ್ರು. ಬಾಯಿ ತಗದ್ರ ದನಿ ಬರಲಿಲ್ಲ. ಇರಲಿ.

ನಮ್ಮ ಅಳಿಯಗ ಇದೆಲ್ಲಾ ಗೊತ್ತಾಗಿದ್ದು ಮಗಳ ಬಾಯಿಂದ. ಊಟಕ್ಕ ಕೂತಾಗ ಭಾಳ ಖುಷೀಲೆ ಹೇಳಿದಾ, "ಅತ್ತಿ, ಅದರಾಗ ಕುಣಿಯೂ ಗಂಡಸು ಹಾಡೇ ಇಲ್ಲ, ಬರೇ ಬಾಯಿ ಆಡಸ್ತಿದ್ದ." ಖರೆ ಅದ. ಕುಣೀತಿದ್ದಾಂವ ಅರೂಬಾ ದ್ವೀಪದ ಬಾಬಿ ಫ್ಯಾರೆಲ್. ಗಂಡು ದನಿ ಮಾತ್ರ ಆ ತಂಡ ಕಟ್ಟಿದ ಜರ್ಮನಿಯ ಫ್ರಾಂಕ್ ಫಾರಿಯನ್‌ದು. ಇದ ಫಾರಿಯನ್ ಮುಂದ ಮಿಲಿ ವನಿಲಿ ಅಂತ ಇಬ್ಬರು ಹುಡುಗರನ್ನ ಹಿಂಗ ನಿಲ್ಲಿಸಿದ. 1990ರಾಗ ಅವರು ಹಾಡೇ ಇಲ್ಲ ಅಂತ ಬಯಲಿಗೆ ಬಂದು, ಕೊಟ್ಟ ಗ್ರ್ಯಾಮಿ ಪ್ರಶಸ್ತಿ ವಾಪಸ್ ಕಸಕೊಂಡ್ರು. ಅಳಿಯಗ ನಾ ಇಷ್ಟ ಕೇಳಿದೆ: "ಅಲ್ಲಪಾ, ಲತಾ ಮಂಗೇಶಕರ್ ಹಾಡಿದ್ದಕ್ಕ ಎಷ್ಟು ನಾಯಕಿಯರು ಬಾಯಿ ಆಡಿಸ್ಯಾರ, ಅವಾಗ ನಿಮ್ಮವ್ವ ಟಿಕೀಟಿನ ರೊಕ್ಕ ವಾಪಸ್ ಕೇಳಿದ್ಲೇನು?" ಸುಮ್ಮನ ಚಪಾತಿ ಮುರದಾ. ಅಲ್ಲೆ ಮುಚ್ಚಿಟ್ಟರು, ಇಲ್ಲೆ ಹೆಸರು ಹಾಕತಾರ, ಅಷ್ಟು ಫರಕು ಅದ ಅಂತ ನನಗೂ ಗೊತ್ತದ, ಆದ್ರ ಅಳಿಯನ ಮುಂದ ಅದನ್ನ ಯಾಕ ಹೇಳಲಿ. ಆ ಬಾಬಿ ಸತ್ತದ್ದು 2010ರ ಡಿಸೆಂಬರ್ 30ಕ್ಕ, ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿನ್ಯಾಗ. 1916ರಾಗ ರಾಸ್ಪುಟಿನ್ನನ್ನ ಕೊಂದದ್ದೂ ಅದ ಊರಾಗ, ಅದ ತಾರೀಖಿಗೆ. ಆ ಹಾಡಿಗೆ ಜಲ್ಮಾ ಪೂರಾ ಕುಣದ ಮನಷ್ಯಾ. ಓದಿದಾಗ ಮೈ ಝುಮ್ ಅಂತು.

ಮೊಮ್ಮಗಳು ಅನ್ನತಾಳ, ಇಂಥಾ ಹಾಡಿಗೆ ಇಂಗ್ಲಿಷಿನ್ಯಾಗ ಗಿಲ್ಟಿ ಪ್ಲೆಷರ್ ಅಂತ ಹೆಸರದ ಅಂತ. ತಪ್ಪು ಮಾಡಿಧಂಗ ಅನಿಸಿದ್ರೂ ಬಿಡಲಿಕ್ಕಾಗದ ಖುಷಿ. ನನಗ ಆ ಹೆಸರು ಸೇರಲಿಲ್ಲ. ಗಿರಮಿಟ್ಟು ತಿಂದದ್ದಕ್ಕ ಯಾರರ ತಪ್ಪು ಅಂತಾರೇನ್ರಿ? ಹಬ್ಬಕ್ಕ ಶ್ರೀಖಂಡ ಪುರಿ ಉಂಡವರೂ ಸಂಜೀಕೆ ಗಿರಮಿಟ್ಟು ಮಿರ್ಚಿ ತಿಂತಾರ. ಮನಸೂರರ ಹಾಡಿಕಿ ಕೇಳಿ ನನಗೂ ಕಣ್ಣಾಗ ನೀರು ಬಂದಾವ. ಅದು ಬೋನಿ ಎಂ ಕೇಳಿದ್ದಕ್ಕ ಕಡಿಮಿ ಆಗಿಲ್ಲ. ಹಾಡು ಸಣ್ಣದು ಇದ್ರ ಸಣ್ಣದು ಅನ್ರಿ, ನಾ ಒಪ್ಪತೀನಿ. ಮಾ ಬೇಕರ್ ದೊಡ್ಡ ಸಂಗೀತ ಅಂತ ನಾ ಎಂದೂ ಹೇಳೂದಿಲ್ಲ. ಆದ್ರ ಕೇಳಿದಾಕಿಯನ್ನ ಯಾಕ ಸಣ್ಣಾಕಿ ಮಾಡತೀರಿ?

ಇನ್ನೊಂದು ನೋಡ್ರಿ. ಗಂಡಸರಿಗೆ ಈ ಗಿಲ್ಟಿ ಇಲ್ಲೇ ಇಲ್ಲ. ನಮ್ಮ ಕಾಕಾ ಅರವತ್ತೈದನೇ ವಯಸ್ಸಿನ್ಯಾಗ ಕುರ್ಬಾನಿ ಸಿನಿಮಾದ ಹಾಡು ಹಚ್ಚಿ ದಾಡಿ ಮಾಡಕೋತಾರ, ಮನಿಯೆಲ್ಲಾ "ಕಾಕಾ ಭಾಳ ರಸಿಕರು" ಅಂತದ. 1980ರಾಗ ಅದ ಹಾಡನ್ನ ನಾ ಗುಣುಗುಣಿಸಿದ್ದಕ್ಕ ನಮ್ಮವ್ವ ಲಟ್ಟಣಗಿ ಎತ್ತಿದ್ಲು, "ಮರ್ಯಾದಸ್ಥರ ಮನಿ ಹುಡುಗಿ" ಅಂತ. ಅದನ್ನ ಹಾಡಿದಾಕಿ ನಾಜಿಯಾ ಹಸನ್, ಆಗ ಆಕಿಗೆ ಬರೇ ಹದಿನೈದು. ರಾಗ ಹಾಕಿದಾಂವ ಬಿದ್ದು, ಕೊಡವರಾಂವ, ಹುಟ್ಟಿದ್ದು ಬೆಂಗಳೂರಾಗ. ಇಂಗ್ಲೆಂಡಿಗೆ ಹೋಗಿ 1974ರಾಗ ಕುಂಗ್ ಫೂ ಫೈಟಿಂಗ್ ಅನ್ನೂ ಹಾಡು ಮಾಡಿ ಬ್ರಿಟನ್ನು, ಅಮೆರಿಕಾ ಎರಡೂ ಕಡೆ ಮೊದಲನೇ ನಂಬರಿಗೆ ತಂದಾಂವ. ನಮ್ಮ ಮಂದಿ ಎಷ್ಟು ದೊಡ್ಡವರಾಗ್ಯಾರ ಅಂತ ಪಟ್ಟಿ ಮಾಡೂ ಮುಂದ ಅವನ ಹೆಸರು ಯಾರೂ ಹೇಳೂದಿಲ್ಲ, ಕುಣಿಯೂ ಹಾಡು ಮಾಡಿದ ಅಂತಲೋ ಏನೋ. ನಾಜಿಯಾ 2000ನೇ ಇಸವಿಯೊಳಗ ಕ್ಯಾನ್ಸರಿನಿಂದ ಹೋದ್ಲು, ಮೂವತ್ತೈದು ವಯಸ್ಸು. ಅವತ್ತ ನಾ ಅಡಗಿಮನ್ಯಾಗ ಒಬ್ಬಾಕಿನ ಅತ್ತೆ. ಯಾಕ ಅಳತಿ ಅಂದ್ರ ಏನಂತ ಹೇಳೂದಿತ್ತು? ಉಳ್ಳಾಗಡ್ಡಿ ಹೆಚ್ಚಲಿಕ್ಕೆ ಕೂತೆ.

ಹಿಂಗ ನಲವತ್ತು ವರ್ಷ ಮುಚ್ಚಿಟ್ಟು ಬದುಕಿದಾಕಿ ನಾ. ಆ ಶುಕ್ರವಾರ ಎಲ್ಲಾರಿಗಿಂತ ಮೊದಲ ಮಾತು ಬಂದದ್ದೂ ನನ್ನ ಬಾಯಿಂದನ. ನಮ್ಮಪ್ಪ ಬರೇ ಎದ್ದು ಹೋಗತಿದ್ರು, ನಾ ಅದಕ್ಕಿಂತ ಮುಂದ ಹೋದೆ. ಮುಚ್ಚಿಡೂ ಮಂದಿಗೆ ಇನ್ನೊಬ್ಬರದು ತಗದಿದ್ದು ಬ್ಯಾಗ ಕಾಣಸ್ತದ ಅನಸ್ತದ, ತಮ್ಮದು ಕಾಣಬಾರದು ಅಂತ ಮೊದಲ ಕೈ ಮಾಡಿ ತೋರಸ್ತಾರ.

ನಿನ್ನೆ ಅವರ ಮನಿಗೆ ಹೋಗಿದ್ದೆ. ಹುರಕ್ಕಿ ಹೋಳಿಗಿ ಕಟಗೊಂಡು, ಅದೊಂದು ನೆವ. ಅವರು ಮೆಂತೆ ಪಲ್ಯೆ ಸೋಸಕೋತ ಕೂತಿದ್ರು, ನಾನೂ ಒಂದು ಸಿವುಡು ತೊಗೊಂಡು ಕೂತೆ. ಅರ್ಧ ಸಿವುಡು ಮುಗದ ಮ್ಯಾಲೆ ಹೇಳಿದೆ, ಅವತ್ತ ನಾ ಹಂಗ ಅನಬಾರದಾಗಿತ್ತು ಅಂತ. "ಅಯ್ಯ ಬಿಡ್ರಿ, ಯಾವಾಗಿಂದೋ ಮಾತು" ಅಂದ್ರು. ಆ ಹಾಡು ಅವರ ತಮ್ಮಗ ಸೇರತಿತ್ತಂತ. ಊರ ಜಾತ್ರ್ಯಾಗ ಟೂರಿಂಗ್ ಟಾಕೀಸಿನ್ಯಾಗ ಅಕ್ಕ ತಮ್ಮ ಇಬ್ಬರೂ ನೋಡಿದ್ದಂತ. ತಮ್ಮ ಈಗಿಲ್ಲ. ಇಷ್ಟ ಹೇಳಿ ಮತ್ತ ಪಲ್ಯೆ ಸೋಸಲಿಕ್ಕೆ ಹತ್ತಿದ್ರು.

ನಾ ನನ್ನ ಫೋನು ತಗದು, ಅಲ್ಲೇ ಇದ್ದ ಹಿತ್ತಾಳಿ ಬೋಗಣಿಯೊಳಗ ಇಟ್ಟು ರಾಸ್ಪುಟಿನ್ ಹಚ್ಚಿದೆ. "ಇದೇನ್ರೀ ಇದು" ಅಂತ ಕಣ್ಣು ಅರಳಿಸಿದ್ರು. ಕೇಳ್ರಿ ಅಂದೆ. ಪೂರಾ ಕೇಳಿದ್ರು. "ಇದೂ ಏನು ಭಾರಿ ಅಲ್ಲ ಬಿಡ್ರಿ, ನಮ್ಮ ಜಿಮ್ಮಿ ಇದಕ್ಕಿಂತ ಛೊಲೊ" ಅಂದ್ರು.

ಚಾ ಕುಡದು ಏಳೂ ಹೊತ್ತಿಗೆ ಅವರ ಫೋನು ಬಂತು. ಟ್ರಿಣ್ ಟ್ರಿಣ್ ಅಂತನ. ಮಗ ಮಾಡಿದ್ದ. ಅವರು ಮಾತಾಡಲಿಕ್ಕೆ ಒಳಗ ಹೋದ್ರು, ನಾ ಚಪ್ಪಲಿ ಮೆಟಗೊಂಡು ಮನಿಗೆ ಬಂದೆ.