ಹಳೆಯ ಬಾಯ್ಲರಿನ ಪರವಾಗಿ ಒಂದು ವಕಾಲತ್ತು

ನನ್ನ ಮಗಳ ಸಂಸಾರ ಇಂಗ್ಲೆಂಡಿನಲ್ಲಿದೆ. ಕಳೆದ ಚಳಿಗಾಲದಲ್ಲಿ ನಾನು ಅಲ್ಲಿದ್ದಾಗ, ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರನ್ನು ನೋಡಲು ಬಂದ ತಂತ್ರಜ್ಞರು ಹತ್ತೇ ನಿಮಿಷದಲ್ಲಿ ತೀರ್ಪಿತ್ತರು: "2009ರದ್ದು, ಹಳತಾಯಿತು. ತೆಗೆದು ಹೊಸದನ್ನು ಹಾಕಿಸಿ." ಅಳಿಯಂದಿರು ತಲೆಯಾಡಿಸಿದರು. ನಾನು ಒಪ್ಪಲಿಲ್ಲ.

ಮುದುಕನಿಗೆ ಹಳೆಯದರ ವ್ಯಾಮೋಹವೆಂದು ಓದುಗ ಮಿತ್ರರು ನಗಬಾರದು. ನಮ್ಮೂರಿನ ಬಚ್ಚಲೊಲೆಯ ಹೊಗೆಯಲ್ಲಿ ತಾಯಿಯ ಕಣ್ಣು ಕೆಂಪಾಗುತ್ತಿದ್ದುದನ್ನು ಕಂಡವನು ನಾನು. ಆ ಹಂಡೆ ಮೂಲೆ ಸೇರಿದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ನನ್ನ ತಕರಾರು ಪರೀಕ್ಷಿಸದೆ ಬಿಸಾಡುವುದರ ಬಗ್ಗೆ ಮಾತ್ರ.

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾದ್ದರಿಂದ ಸ್ವಲ್ಪ ಪಾಠ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2005ರಿಂದ ಹೊಸ ಗ್ಯಾಸ್ ಬಾಯ್ಲರುಗಳು ಬಹುಮಟ್ಟಿಗೆ ಕಂಡೆನ್ಸಿಂಗ್ ಬಗೆಯವು. ಹೊರಹೋಗುವ ಅನಿಲದಲ್ಲಿರುವ ನೀರಾವಿಯನ್ನು ದ್ರವವಾಗಿಸಿ, ಅದರ ಗುಪ್ತೋಷ್ಣವನ್ನು ಮರಳಿ ಪಡೆಯುವುದೇ ಇವುಗಳ ವೈಶಿಷ್ಟ್ಯ. ರೇಡಿಯೇಟರುಗಳಿಂದ ಹಿಂದಿರುಗುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. ಮಗಳ ಮನೆಯಲ್ಲಿ ನೀರು ಹೊರಡುತ್ತಿದ್ದುದೇ 80 ಡಿಗ್ರಿಯಲ್ಲಿ! ಹೀಗಿರುವಾಗ ಹೊಸ ಯಂತ್ರ ತಂದರೂ ಅದೇ ಗ್ಯಾಸ್ ವ್ಯರ್ಥವಾಗುತ್ತಿತ್ತಲ್ಲವೆ?

ಉಷ್ಣತೆಯನ್ನು 60ಕ್ಕೆ ಇಳಿಸಿದೆವು. ಸ್ನಾನದ ನೀರಿನ ಗುಂಡಿ ಬೇರೆಯೇ ಇದೆ, ಅದನ್ನು ಮುಟ್ಟಲಿಲ್ಲ. ಮೇಲ್ಭಾಗ ತಣ್ಣಗಿದ್ದ ರೇಡಿಯೇಟರುಗಳಿಂದ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಬಿಟ್ಟೆವು. ಅಟ್ಟದಲ್ಲಿ ಶಾಖ ತಡೆಯುವ ಹೊದಿಕೆಯನ್ನು ದಪ್ಪವಾಗಿ ಹಾಸಿಸಿದೆವು. ಮನೆ ಬೆಚ್ಚಗಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಆದರೆ ಬೆಚ್ಚಗೇ ಉಳಿಯಿತು.

ಹಾಗಾದರೆ ಹೊಸದು ಎಂದೂ ಬೇಡವೆ? ಬೇಕು. ಆದರೆ ಗ್ಯಾಸ್ ಬಾಯ್ಲರಿನ ಜಾಗದಲ್ಲಿ ಮತ್ತೊಂದು ಗ್ಯಾಸ್ ಬಾಯ್ಲರ್ ಕೂರಿಸಿ, ಇನ್ನೂ ಹದಿನೈದು ವರ್ಷ ಅದಕ್ಕೇ ಕಟ್ಟುಬೀಳುವುದನ್ನು ಸುಧಾರಣೆಯೆಂದು ಕರೆಯಲಾರೆ. ಹೀಟ್ ಪಂಪ್ ಎಂಬ ಸಾಧನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖವನ್ನು ಹೊರಗಿನ ಗಾಳಿಯಿಂದ ಎಳೆದು ತಂದುಕೊಡುತ್ತದೆ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕೊಡುವ ಸಹಾಯಧನವನ್ನು 7,500 ಪೌಂಡಿಗೆ ಏರಿಸಿತು. ಅದು ಚೆನ್ನಾಗಿ ದುಡಿಯುವುದು ತಗ್ಗಿದ ಉಷ್ಣತೆಯ ನೀರಿನಲ್ಲಿ. ಆದ್ದರಿಂದ ಹಳೆಯ ಬಾಯ್ಲರನ್ನು ಹಂತಹಂತವಾಗಿ 50–55 ಡಿಗ್ರಿಗೆ ಇಳಿಸಿ ನೋಡುವುದು ಆ ಮನೆಗೊಂದು ಪ್ರವೇಶ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದರೆ ಹಳೆಯದರ ಆಯುಸ್ಸು ಮುಗಿದ ದಿನ ಹೀಟ್ ಪಂಪಿಗೆ ಮನೆ ಸಿದ್ಧವಾಗಿರುತ್ತದೆ.

ಒಂದು ವಿನಾಯಿತಿ ಉಂಟು. ಬಾಯ್ಲರ್ ಕಾರ್ಬನ್ ಮಾನಾಕ್ಸೈಡ್ ಸೋರುತ್ತಿದ್ದರೆ ವಾದ ಮಾಡುತ್ತ ಕೂರಬಾರದು. ಆ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಕ್ಕೊಮ್ಮೆ ತಪಾಸಣೆಯೂ ಗೋಡೆಯ ಮೇಲೊಂದು ಎಚ್ಚರಿಕೆಯ ಗಂಟೆಯೂ ಇರಲೇಬೇಕು.

ಹುಟ್ಟಿದ ದಿನಾಂಕ ನೋಡಿ ನಾನು ಯಾವ ವಿದ್ಯಾರ್ಥಿಯನ್ನೂ ಅನುತ್ತೀರ್ಣಗೊಳಿಸಲಿಲ್ಲ. ಯಂತ್ರಕ್ಕಾದರೂ ಅಷ್ಟೆ, ಮೊದಲು ಉತ್ತರಪತ್ರಿಕೆಯನ್ನು ಓದಿರಿ.