ಹಳೆಯ ಮೋಟಾರ್ ಸೈಕಲ್: ರಿಪೇರಿಯೋ, ಬದಲಾವಣೆಯೋ?



ಭತ್ತದ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ‘ಈ ಹಳೇ ಗಾಡಿ ಸಾಕು, ಹೊಸದು ತರೋಣ.’ ಈಗ ಆ ಮಾತಿಗೆ ಇನ್ನೊಂದು ಬಲವೂ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಬೆಲೆ ಇಳಿದದ್ದು ನಿಜ. ಆದರೆ ಬೆಲೆ ಇಳಿದ ಮಾತ್ರಕ್ಕೆ ನಮಗೆ ಆ ವಸ್ತು ಬೇಕಾಗಿದೆ ಎಂದಾಗುವುದಿಲ್ಲ. ಇದನ್ನು ನಿಧಾನವಾಗಿ ವಿಚಾರ ಮಾಡಬೇಕು.

ಕಾಳಿ ನದಿಯ ಉತ್ತರ ದಂಡೆಯ ಸದಾಶಿವಗಡ, ಚಿತ್ತಾಕುಲ, ಮಾಜಾಳಿ, ಅಸ್ನೋಟಿ, ಹಣಕೋಣಗಳ ರೈತನಿಗೆ ಮೋಟಾರ್ ಸೈಕಲ್ ಶೋಕಿಯ ವಸ್ತುವಾಗಿ ಉಳಿದಿಲ್ಲ. ಕಾರವಾರದ ಭಾನುವಾರದ ಸಂತೆಗೆ ಹರಿವೆ, ಬೆಂಡೆ, ತೆಂಗಿನಕಾಯಿ ಹೊರುವುದು ಅದೇ. 45 ಕಿಲೋ ಯೂರಿಯಾ ಚೀಲವನ್ನು ಮನೆಗೆ ತರುವುದು ಅದೇ. ರಾತ್ರಿ ಹೊತ್ತು ಕಾಯಿಲೆ ಬಿದ್ದವರನ್ನು ಸೇತುವೆ ದಾಟಿಸಿ ಆಸ್ಪತ್ರೆಗೆ ಒಯ್ಯುವುದೂ ಅದೇ. ಎತ್ತಿನಷ್ಟೇ ದುಡಿಯುವ ಈ ಸಾಧನದ ಬಗ್ಗೆ, ಎತ್ತು ಕೊಳ್ಳುವಾಗ ಮಾಡುವಷ್ಟು ಪರೀಕ್ಷೆಯನ್ನಾದರೂ ನಾವು ಮಾಡಬೇಡವೇ?

ನಮ್ಮ ಅಭಿಪ್ರಾಯ ಇಷ್ಟು: ಹಳೆಯದಾಯಿತು ಎಂಬ ಒಂದೇ ಕಾರಣಕ್ಕೆ ಗಾಡಿಯನ್ನು ಮಾರಬೇಡಿ. ಹಾಗೆಯೇ, ಹೇಗೋ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಇಟ್ಟುಕೊಳ್ಳಲೂಬೇಡಿ.

ಮೊದಲು ಚಾಸಿ, ಆಮೇಲೆ ಎಂಜಿನ್

ತೋಟದಲ್ಲಿ ತೆಂಗಿನ ಮರ ಕಡಿಯಬೇಕೇ ಬೇಡವೇ ಎಂಬುದನ್ನು ನೀವು ಮರದ ವಯಸ್ಸು ನೋಡಿ ತೀರ್ಮಾನಿಸುವುದಿಲ್ಲ. ಎತ್ತರದ ತಳಿಯ ತೆಂಗು ಅರವತ್ತು ವರ್ಷ ದಾಟಿದ ಮೇಲೂ ಫಲ ಕೊಡುತ್ತದೆ. ಆದರೆ ಹದಿನೈದೇ ವರ್ಷದ ಮರವಾದರೂ ಕೆಂಪು ಮೂತಿ ಹುಳು ಒಳಗೆಲ್ಲ ತಿಂದಿದ್ದರೆ, ಮೇಲೆ ಸುಳಿ ಹಸಿರಾಗಿ ಕಂಡರೂ ಅದು ಉಳಿಯುವ ಮರವಲ್ಲ. ಕರಾವಳಿಯ ಮೋಟಾರ್ ಸೈಕಲ್ಲಿಗೆ ಆ ಹುಳು ಎಂದರೆ ತುಕ್ಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಅಂಗಳದ ಕೆಸರು ಇವು ಮೂರೂ ಸೇರಿ ಬಣ್ಣದ ಕೆಳಗೇ ಕಬ್ಬಿಣವನ್ನು ತಿನ್ನುತ್ತವೆ. ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ಬಾಳುವ ಗಾಡಿ ಕಡಲ ಬದಿಯಲ್ಲಿ ಅಷ್ಟು ಬಾಳುತ್ತದೆಂದು ನಂಬಿ ಕೂರಬಾರದು.

2024ರ ಆಗಸ್ಟ್ 7ರ ನಡುರಾತ್ರಿ ಸದಾಶಿವಗಡ ಮತ್ತು ಕಾರವಾರದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದುದನ್ನು ಈ ಭಾಗದವರು ಮರೆತಿಲ್ಲ. ಹಿಂದಿನ ದಿನದವರೆಗೂ ಜನ ಅದರ ಮೇಲೆ ಓಡಾಡುತ್ತಿದ್ದರು. ನಿನ್ನೆ ಭಾರ ಹೊತ್ತಿತ್ತು ಎಂಬುದು ನಾಳೆಗೆ ಜಾಮೀನಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದುದರಿಂದ ಮೊದಲು ಚಾಸಿಯನ್ನು ಪರೀಕ್ಷಿಸಿ. ಗಾಡಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಹ್ಯಾಂಡಲ್ ಕೂಡುವ ಕುತ್ತಿಗೆ, ಹಿಂದಿನ ಚಕ್ರದ ಕವಲು, ಸ್ಟ್ಯಾಂಡು ಬೆಸೆದ ಜಾಗ, ಸೀಟಿನ ಅಡಿ, ಹಿಂದಿನ ಮಡ್‌ಗಾರ್ಡ್ ಕೂಡುವ ಜಾಗ ಇವಿಷ್ಟನ್ನೂ ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣದ ನಾದವೇ ಬೇರೆ, ಟೊಳ್ಳು ಕಬ್ಬಿಣದ ನಾದವೇ ಬೇರೆ. ಬಣ್ಣ ಉಬ್ಬಿದ ಕಡೆ ಕೆರೆದು ನೋಡಿ. ಪದರ ಪದರವಾಗಿ ಏಳುತ್ತಿದ್ದರೆ ಎಚ್ಚರವಾಗಿರಿ. ಕುತ್ತಿಗೆಯಲ್ಲಾಗಲಿ ಹಿಂದಿನ ಕವಲಿನಲ್ಲಾಗಲಿ ಬಿರುಕು ಕಂಡರೆ ವೆಲ್ಡಿಂಗ್ ಮಾಡಿಸಿ ಓಡಿಸುವ ಯೋಚನೆ ಬೇಡ. ಅಂಥ ಗಾಡಿಗೆ ಇನ್ನೊಂದು ರೂಪಾಯಿ ಹಾಕುವುದೂ ವ್ಯರ್ಥ.

ಚಾಸಿ ಗಟ್ಟಿಯಿದ್ದರೆ ಎಂಜಿನ್ನಿನ ದೋಷಕ್ಕೆ ಎದೆಗುಂದಬೇಕಾಗಿಲ್ಲ. ಹೊಗೆ ನೀಲಿಯಾಗಿ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಎಂದು ತಿಳಿಯಿರಿ. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದರೆ ಮತ್ತೆ ಕೆಲವು ವರ್ಷ ದುಡಿಯುತ್ತದೆ. ಹೊಗೆ ಕಪ್ಪಾಗಿದ್ದರೆ ದೋಷ ಬಹುತೇಕ ಕಾರ್ಬುರೇಟರ್ ಅಥವಾ ಏರ್ ಫಿಲ್ಟರಿನಲ್ಲಿರುತ್ತದೆ. ಅದು ಸಣ್ಣ ಖರ್ಚು. ದೊಡ್ಡ ಕೆಲಸವಾದರೆ ಇಬ್ಬರು ಮೆಕ್ಯಾನಿಕರ ಬಳಿ ಖರ್ಚಿನ ಅಂದಾಜನ್ನು ಬರೆಸಿಕೊಂಡು ಹೋಲಿಸಿ ನೋಡುವುದು ಒಳಿತು.

ಬಿಡಿಭಾಗ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿದ್ದಾರೆ. ಆದರೆ ಒಂದು ಭಾಗಕ್ಕಾಗಿ ಊರೂರು ಅಲೆಯುವಷ್ಟು ಬಿಡುವು ಅವರಿಗಿದೆ, ನಾಟಿಯ ಸಮಯದ ರೈತನಿಗಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದಂದಿನಿಂದ ಹಳ್ಳಿಗಳಲ್ಲಿ ಹರಡಿದ 100 ಸಿ.ಸಿ. ಗಾಡಿಗಳ ಪೈಕಿ ಹೆಚ್ಚು ಮಾರಾಟವಾದವುಗಳ ಭಾಗಗಳು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ನಿಮ್ಮ ಗಾಡಿ ಆ ಜಾತಿಯದಾದರೆ ರಿಪೇರಿಗೆ ಅದೊಂದು ಬಲವಾದ ಕಾರಣ.

ಪುಸ್ತಕದಲ್ಲಿ ಬರೆದು ನೋಡಿ

ಈಗ ಹಣದ ಮಾತು. ತಿಳಿಯಲು ಅನುಕೂಲವಾಗಲೆಂದು ದುಂಡು ಅಂಕಿಗಳನ್ನು ಕೊಡುತ್ತೇವೆ. ನೀವು ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ.

ತಿಂಗಳಿಗೆ 600 ಕಿ.ಮೀ., ಅಂದರೆ ವರ್ಷಕ್ಕೆ 7,200 ಕಿ.ಮೀ. ಓಡಾಟವಿದೆ ಎನ್ನೋಣ. ಹಳೆಯ ಗಾಡಿ ಲೀಟರಿಗೆ 45 ಕಿ.ಮೀ. ಕೊಟ್ಟರೆ ವರ್ಷಕ್ಕೆ 160 ಲೀಟರ್ ಪೆಟ್ರೋಲ್ ಬೇಕು. ಹೊಸದು 60 ಕಿ.ಮೀ. ಕೊಟ್ಟರೆ 120 ಲೀಟರ್ ಸಾಕು. ಉಳಿತಾಯ 40 ಲೀಟರ್. ಲೀಟರಿಗೆ 100 ರೂ. ಹಿಡಿದರೆ 4,000 ರೂ. ಹಳೆಯದರ ರಿಪೇರಿ ವರ್ಷಕ್ಕೆ 8,000 ರೂ., ಹೊಸದರ ಸರ್ವಿಸು 3,000 ರೂ. ಎಂದಾದರೆ ಅಲ್ಲಿ 5,000 ರೂ. ಉಳಿಯಿತು. ಒಟ್ಟು ಉಳಿತಾಯ ವರ್ಷಕ್ಕೆ 9,000 ರೂ.

ಇನ್ನು ಖರ್ಚು ನೋಡಿ. ತೆರಿಗೆ, ವಿಮೆ ಎಲ್ಲ ಸೇರಿ ಹೊಸ ಗಾಡಿ 95,000 ರೂ. ಎನ್ನೋಣ. ಹಳೆಯದಕ್ಕೆ 10,000 ರೂ. ಬಂತು. ಕೈಯಿಂದ 25,000 ರೂ. ಕೊಟ್ಟು ಉಳಿದ 60,000 ರೂ.ಗಳನ್ನು ಮೂರು ವರ್ಷದ ಕಂತಿನ ಸಾಲ ಮಾಡಿದಿರಿ. ಶೇಕಡಾ 12ರ ಫ್ಲಾಟ್ ಬಡ್ಡಿಯಾದರೆ ಬಡ್ಡಿಯೇ 21,600 ರೂ. ಅಲ್ಲಿಗೆ ನಿಮ್ಮ ಜೇಬಿನಿಂದ ಹೋದದ್ದು 1,06,600 ರೂ. ವರ್ಷಕ್ಕೆ 9,000ದಂತೆ ಅದು ಹಿಂದಿರುಗಲು ಹೆಚ್ಚುಕಡಿಮೆ ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಈ ಹೊಸ ಗಾಡಿಯೇ ಹಳೆಯದಾಗಿರುತ್ತದೆ!

ಅದೇ, ದಿನವೂ ತರಕಾರಿ ಅಥವಾ ಹಾಲು ಹೊತ್ತು ತಿಂಗಳಿಗೆ 1,500 ಕಿ.ಮೀ. ಓಡುವವರ ಲೆಕ್ಕ ಬೇರೆ. ವರ್ಷಕ್ಕೆ 18,000 ಕಿ.ಮೀ.ಗೆ 100 ಲೀಟರ್ ಪೆಟ್ರೋಲ್ ಉಳಿಯುತ್ತದೆ. ರಿಪೇರಿಯಲ್ಲಿ ಉಳಿಯುವ 10,000 ರೂ. ಸೇರಿಸಿದರೆ ಒಟ್ಟು 20,000 ರೂ. ಹಾಕಿದ ಹಣ ಐದೂವರೆ ವರ್ಷದೊಳಗೆ ಹಿಂದಿರುಗುತ್ತದೆ. ಇಂಥವರು ಹೊಸದನ್ನು ಕೊಂಡರೆ ತಪ್ಪಿಲ್ಲ. ನೆರೆಮನೆಯವನಿಗೆ ಲಾಭವಾದ ವ್ಯಾಪಾರ ನಮಗೆ ನಷ್ಟವಾಗುವುದು ಹೀಗೆ. ಅವನ ಓಡಾಟ ಬೇರೆ, ನಮ್ಮ ಓಡಾಟ ಬೇರೆ.

ಆಷಾಢದಲ್ಲೂ ಬರುವ ಕಂತು

ಫ್ಲಾಟ್ ಬಡ್ಡಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಸಾಲದ ಮೇಲೆಯೇ ಕಟ್ಟಿರುತ್ತಾರೆ. ಮೇಲಿನ ಲೆಕ್ಕದಲ್ಲಿ ಹನ್ನೆರಡು ಎಂದು ಹೇಳಿದ ಬಡ್ಡಿ, ಇಳಿಯುವ ಅಸಲಿನ ಮೇಲೆ ಎಣಿಸಿದರೆ ಶೇಕಡಾ 21ರ ಸುಮಾರಿಗೆ ಬರುತ್ತದೆ. ಆದುದರಿಂದ ‘ಬಡ್ಡಿ ಎಷ್ಟು’ ಎಂದಷ್ಟೇ ಕೇಳದೆ, ‘ಒಟ್ಟು ಎಷ್ಟು ಕಟ್ಟಬೇಕು’ ಎಂದು ಕೇಳಿ ಬರೆಸಿಕೊಳ್ಳಿ. ಬ್ಯಾಂಕು, ಸಹಕಾರಿ ಸಂಘ, ಅಂಗಡಿಯ ಸಾಲ ಇವನ್ನು ಆ ಒಂದೇ ಅಂಕಿಯಿಂದ ಹೋಲಿಸಿ ನೋಡಿ.

ನೌಕರಿಯವರಿಗೆ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ನಮಗೆ ಆದಾಯ ಬೆಳೆಗೊಮ್ಮೆ. ತಿಂಗಳಿಗೆ 2,267 ರೂ. ಕಂತು ಕೊಯ್ಲಿನ ಕಾಲಕ್ಕೆ ಹಗುರಾಗಿ ಕಾಣಬಹುದು. ಆದರೆ ಅದು ಆಷಾಢದಲ್ಲೂ ಬಾಗಿಲಿಗೆ ಬರುತ್ತದೆ. ಬೀಜ, ಗೊಬ್ಬರ, ನಾಟಿಯ ಕೂಲಿ, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಒಟ್ಟಿಗೆ ಬೀಳುವ ಕಾಲವದು. ಬೆಳೆಗೆಂದು ಸಹಕಾರಿ ಸಂಘದಿಂದ ತೆಗೆದ ಸಾಲವನ್ನು ಗಾಡಿಗೆ ಹಾಕಬೇಡಿ. ಹೆಂಗಸರ ಮೈಮೇಲಿನ ಬಂಗಾರವನ್ನು ಗಾಡಿಗಾಗಿ ಅಡವಿಡಬೇಡಿ. ಇದೇ ಗಾಡಿಗೆ 8,000 ರೂ. ಹಾಕಿ ಎಂಜಿನ್ ಸರಿಪಡಿಸಿ ಎರಡು ವರ್ಷ ಓಡಿಸಿದರೆ ಆ ಖರ್ಚು ತಿಂಗಳಿಗೆ 333 ರೂ. ಮಾತ್ರ. ಆ ಎರಡು ವರ್ಷ ಕಂತಿನ ಅರ್ಧದಷ್ಟನ್ನಾದರೂ ಬ್ಯಾಂಕಿನಲ್ಲಿಟ್ಟರೆ, ಮುಂದೆ ಸಾಲ ಮಾಡುವ ಮೊತ್ತ ಅಷ್ಟು ಕಡಿಮೆಯಾಗುತ್ತದೆ.

ಹಣಕ್ಕೆ ಮೀರಿದ ಮಾತು

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೂ ಒಂದು ವಿಷಯದಲ್ಲಿ ಲೆಕ್ಕ ನೋಡಬಾರದು; ಅದು ಪ್ರಾಣದ ವಿಷಯ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರುಗಳ ನಡುವೆಯೇ ಹಾದುಹೋಗಿದೆ. ಹಳೆಯ ಸೇತುವೆ ಬಿದ್ದ ಬಳಿಕ ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಯ ಮೇಲೆ ಸಾಗುವಂತಾಯಿತು. ಲಾರಿಗಳ ನಡುವೆ, ಹಿಂದೆ ಹೆಂಡತಿ, ಮುಂದೆ ಮಗುವನ್ನು ಕೂರಿಸಿಕೊಂಡು ಹೋಗುವ ಗಾಡಿಯ ಬ್ರೇಕು ಸಂಶಯದ್ದಾಗಿರಬಾರದು. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಇದು ಹೊಸ ಗಾಡಿಯ ನಿಜವಾದ ಗುಣ. ಹಳೆಯದನ್ನು ಉಳಿಸಿಕೊಳ್ಳುವುದಾದರೆ ಬ್ರೇಕ್ ಶೂ, ಕೇಬಲ್, ಟೈರು, ಹೆಡ್‌ಲೈಟುಗಳಲ್ಲಿ ಜಿಪುಣತನ ಬೇಡ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಮುದ್ರೆಯಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಇದ್ದರೂ ರಬ್ಬರು ಬಿರುಕು ಬಿಟ್ಟಿದ್ದರೆ ಬದಲಿಸಿ. ತಲೆಗೆ ಐ.ಎಸ್.ಐ. ಗುರುತಿನ ಹೆಲ್ಮೆಟ್ ಇರಲಿ.

ಪೆಟ್ರೋಲ್ ಮತ್ತು ಕಾಗದಪತ್ರ

ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಗಾಡಿಗಳಲ್ಲಿ ಇದರಿಂದ ಮೈಲೇಜು ಸ್ವಲ್ಪ ತಗ್ಗಬಹುದು. ನೀತಿ ಆಯೋಗದ 2021ರ ವರದಿ ಹಳೆಯ ಬಗೆಯ ದ್ವಿಚಕ್ರ ವಾಹನಗಳಲ್ಲಿ ಶೇಕಡಾ 3ರಿಂದ 4ರಷ್ಟು ಇಳಿಕೆಯನ್ನು ಅಂದಾಜು ಮಾಡಿತ್ತು. ಎಥೆನಾಲ್ ನೀರನ್ನು ಹೀರುವ ಗುಣದ್ದಾದುದರಿಂದ ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಪೆಟ್ರೋಲ್ ಪೈಪು ಮತ್ತು ರಬ್ಬರ್ ವಾಷರುಗಳು ಗಟ್ಟಿಯಾಗಿದ್ದರೆ ಬದಲಿಸಿ. ಇಷ್ಟಕ್ಕಾಗಿ ಗಾಡಿಯನ್ನೇ ಬದಲಿಸಬೇಕಾಗಿಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಹಾಕಬೇಕು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ 2,000 ರೂ.ಗೆ ಏರಿತು, ಹಸಿರು ತೆರಿಗೆ ಬೇರೆ. ಕಾರವಾರದ ಸಾರಿಗೆ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ ಈ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ. ವಿಮೆಯಿಲ್ಲದ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡಲು ಗದ್ದೆ ಮಾರಬೇಕಾದೀತು ಎಂಬುದು ನೆನಪಿರಲಿ.

ಗಾಡಿ ಮಾರುವಾಗ ಚಾವಿ ಕೊಟ್ಟು ಹಣ ಎಣಿಸಿಕೊಂಡರೆ ವ್ಯವಹಾರ ಮುಗಿಯಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಆತನೇ ಮಾಲೀಕ, ಅಪಘಾತದ ಹೊಣೆಯೂ ಆತನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಹೆಸರು ವರ್ಗಾವಣೆಯಾಗುವವರೆಗೆ ಬಿಡಬೇಡಿ. ಗುಜರಿಗೆ ಹಾಕುವುದಾದರೆ ನೋಂದಣಿಯನ್ನು ರದ್ದು ಮಾಡಿಸಿ.

ಗಡಿಯಾಚೆಯ ಅಗ್ಗದ ಗಾಡಿ

ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಕಡಿಮೆ ಬೆಲೆಗೆ ಸಿಗುವ ಹಳೆಯ ಗಾಡಿ ಅನೇಕರ ಆಸೆ ಕೆರಳಿಸುತ್ತದೆ. ಕೊಳ್ಳುವ ಮುನ್ನ ಮೂರು ಸಂಗತಿ ನೋಡಿ. ಮೊದಲನೆಯದು, ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಇಲ್ಲದೆ ಇಲ್ಲಿ ನಿಮ್ಮ ಹೆಸರಿಗೆ ಆಗುವುದಿಲ್ಲ. ಎರಡನೆಯದು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕು. ಅದನ್ನು ಸೇರಿಸಿದ ಮೇಲೂ ಅಗ್ಗವೇ ಎಂದು ಎಣಿಸಿ. ಮೂರನೆಯದು, ಅದು ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಗಾಡಿಯೇ ಎಂದು ವಿಚಾರಿಸಿ. ಹತ್ತಾರು ಕೈ ಸೇರಿ, ಕಡಲ ಮರಳಿನಲ್ಲಿ ನಿಂತ ಗಾಡಿಗೆ ನಿಮ್ಮ ಗಾಡಿಗಿಂತ ಹೆಚ್ಚು ತುಕ್ಕು ಹಿಡಿದಿರಬಹುದು.

ಕೊನೆಗೆ ನಮ್ಮ ಸಲಹೆ. ನೂರು ಪುಟದ ಒಂದು ನೋಟುಬುಕ್ಕು ತನ್ನಿ. ಇಂದಿನಿಂದ ಒಂದು ವರ್ಷ ಹಾಕಿದ ಪೆಟ್ರೋಲ್, ಓಡಿದ ಕಿ.ಮೀ., ಮಾಡಿಸಿದ ರಿಪೇರಿ, ಗಾಡಿ ಕೈಕೊಟ್ಟು ಕೆಲಸ ಕೆಟ್ಟ ದಿನಗಳನ್ನು ಬರೆದಿಡಿ. ಚಾಸಿ ಟೊಳ್ಳಾಗಿದ್ದರೆ ವರ್ಷ ಕಾಯದೆ ಇಂದೇ ಗಾಡಿ ನಿಲ್ಲಿಸಿ. ಚಾಸಿ ಗಟ್ಟಿಯಾಗಿದ್ದು ಓಡಾಟ ಕಡಿಮೆಯಿದ್ದರೆ ರಿಪೇರಿ ಮಾಡಿಸಿ ನಡೆಸಿ. ಓಡಾಟ ಹೆಚ್ಚಿದ್ದು ಅದರಿಂದಲೇ ಸಂಪಾದನೆಯಾಗುತ್ತಿದ್ದರೆ ಹೊಸದಕ್ಕೆ ಹಣ ಕೂಡಿಡಲು ತೊಡಗಿ. ವಾಚನಾಲಯದಲ್ಲಿ ನಾಲ್ಕು ಜನ ಕೂತಾಗ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡಿ ಚರ್ಚಿಸಿ. ಮನೆಯಲ್ಲಿ ಹೊಸ ಗಾಡಿಗೆ ಹಟ ಹಿಡಿದ ಮಗನ ಕೈಗೇ ಆ ಪುಸ್ತಕವನ್ನು ಕೊಟ್ಟು ವರ್ಷವಿಡೀ ಲೆಕ್ಕ ಬರೆಯಲು ಹೇಳಿ. ವರ್ಷದ ಕೊನೆಗೆ ಅವನು ಏನು ಹೇಳುತ್ತಾನೋ ಅದನ್ನು ಧೈರ್ಯವಾಗಿ ಕೇಳಬಹುದು.