ಮಳೆಗಾಲದ ಮನೆಯೂ ಮುಚ್ಚಿದ ಕಿಟಕಿಯೂ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಬಿಡುವುದು ರೂಢಿ. ಹೊರಗಿನ ತೇವ ಒಳಗೆ ಬಾರದಿರಲೆಂಬುದು ಅದರ ಉದ್ದೇಶ. ಸಮುದ್ರಮಟ್ಟದಿಂದ ಸುಮಾರು 1150 ಮೀಟರು ಎತ್ತರದಲ್ಲಿರುವ ಮಡಿಕೇರಿಯಲ್ಲಿ ಮಳೆಗಾಲದ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಂತೂ ದಿನಗಟ್ಟಲೆ ಸೂರ್ಯದರ್ಶನವಿಲ್ಲ. ಆದರೂ, ಕಿಟಕಿ ಮುಚ್ಚಿದ ಮನೆಯಲ್ಲಿಯೇ ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮೂರು ದಿನ ಹಗ್ಗದ ಮೇಲೆ ತೂಗಿದ ಅಂಗಿ ಮುಗ್ಗಲು ವಾಸನೆ ಬೀರುತ್ತದೆ. ಇದೇಕೆ?

ಗಾಳಿಯ ಆರ್ದ್ರತೆಯನ್ನು ಅಳೆಯುವ ಒಂದು ಸಾಧನ ಪ್ರತಿಯೊಂದು ಅಡಿಗೆಮನೆಯಲ್ಲಿಯೂ ಇದೆ. ಶುದ್ಧವಾದ ಅಡಿಗೆಯ ಉಪ್ಪು, ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ಮೀರಿದಾಗ ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಭರಣಿಯ ಉಪ್ಪು ನೀರೊಡೆಯಿತೆಂದರೆ ಬೂಷ್ಟಿನ ಕಾಲ ದೂರವಿಲ್ಲ. ಅದು ನೂರಕ್ಕೆ 80ರ ಸುತ್ತಿನಲ್ಲಿ ಸೊಂಪಾಗಿ ಬೆಳೆಯುತ್ತದೆ.

ಸಾಪೇಕ್ಷವೆಂಬ ಮಾತನ್ನು ಇಲ್ಲಿ ಗಮನಿಸಬೇಕು. ಒಂದು ಘನಮೀಟರು ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದಿಡಬಲ್ಲುದು. 25 ಡಿಗ್ರಿಯಲ್ಲಿ 23 ಗ್ರಾಂ. ಗಾಳಿ ಬೆಚ್ಚಗಾದಷ್ಟೂ ಅದರ ದಾಹ ಹೆಚ್ಚು. ತಣ್ಣಗಾದಂತೆ ಅದು ತನ್ನಲ್ಲಿದ್ದುದನ್ನೇ ಕಕ್ಕುತ್ತದೆ. 22 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ನೂರಕ್ಕೆ 80 ಇದ್ದರೆ, 18 ಡಿಗ್ರಿಗೆ ತಣಿದ ಗೋಡೆಯ ಮೇಲೆ ನೀರು ಹನಿಗಟ್ಟುತ್ತದೆ. ಹೊರಗೋಡೆಗೆ ಒತ್ತಿಟ್ಟ ಬೀರುವಿನ ಬೆನ್ನಿಗೆ ಬೂಷ್ಟು ಮೊದಲು ಹತ್ತುವುದು ಇದರಿಂದಲೇ.

ಇನ್ನು ಬಟ್ಟೆಯ ಲೆಕ್ಕ. ಎರಡು ಕಿಲೋಗ್ರಾಂ ಹತ್ತಿಬಟ್ಟೆಯನ್ನು ಕೈಯಿಂದ ಹಿಂಡಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ತೂಕದ ನೀರು ಅದರಲ್ಲಿ ಉಳಿದಿರುತ್ತದೆ. ನಾಲ್ಕು ಮೀಟರು ಉದ್ದಗಲ, ಮೂರು ಮೀಟರು ಎತ್ತರದ ಕೋಣೆಯಲ್ಲಿರುವುದು 48 ಘನಮೀಟರು ಗಾಳಿ. 20 ಡಿಗ್ರಿಯಲ್ಲಿ ಅದಕ್ಕೆ ಒಂದು ಲೀಟರು ನೀರನ್ನೂ ತಾಳುವ ಶಕ್ತಿಯಿಲ್ಲ. ಕಿಟಕಿ ಮುಚ್ಚಿ ಅಲ್ಲಿ ಬಟ್ಟೆ ಹರವಿದರೆ ಆ ನೀರು ಹೋಗುವುದೆಲ್ಲಿಗೆ? ಗೋಡೆಗೆ, ಹಾಸಿಗೆಗೆ, ಪುಸ್ತಕಕ್ಕೆ. ಉಸಿರಿನ ಆವಿ, ಸ್ನಾನದ ಆವಿ ಇದರೊಡನೆ ಸೇರುತ್ತವೆ. ಅಡಿಗೆ ಅನಿಲವೂ ಹೊರತಲ್ಲ: ಅದರ ಒಂದು ಕಿಲೋಗ್ರಾಂ ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ನೀರು ಹುಟ್ಟುತ್ತದೆ.

ಹಾಗಾದರೆ ಕಿಟಕಿ ತೆರೆದುಬಿಟ್ಟರೆ ಸಾಕೆ? ಸಾಲದು. ಹೊರಗಿನ ಗಾಳಿ 20 ಡಿಗ್ರಿಯದಾಗಿ, ನೂರಕ್ಕೆ 95ರಷ್ಟು ಆರ್ದ್ರವಾಗಿದ್ದರೆ, ಕೋಣೆಯ ಗಾಳಿ ಒಮ್ಮೆ ಪೂರ್ತಿ ಬದಲಾದಾಗ ಹೊತ್ತೊಯ್ಯಬಲ್ಲ ನೀರು ಹೆಚ್ಚೆಂದರೆ 40 ಗ್ರಾಂ. ಅದೇ ಗಾಳಿಯನ್ನು ಒಳಗೆ 25 ಡಿಗ್ರಿಗೆ ಕಾಯಿಸಿ ಹೊರಬಿಟ್ಟರೆ 300 ಗ್ರಾಮಿಗೂ ಮಿಕ್ಕಿ ಒಯ್ಯಬಲ್ಲುದು. ತುಸು ಶಾಖ, ಜೊತೆಗೆ ಗಾಳಿಗೆ ಹೊರದಾರಿ—ಇವೆರಡೂ ಕೂಡಿಯೇ ಬೇಕು.

ಹಳೆಯ ಹೆಂಚಿನ ಮನೆಯಲ್ಲಿ ಇವೆರಡೂ ಇದ್ದವು. ದಿನವಿಡೀ ಆರದ ಒಲೆ. ಅದರ ಬಿಸಿಗಾಳಿ ಹೊಗೆಯೊಡನೆ ಹೆಂಚಿನ ಸಂದುಗಳಿಂದ ಏರಿಹೋಗುತ್ತಿತ್ತು. ಮೇಲೆ ಕಟ್ಟಿದ ಗಳುವಿನ ಬಟ್ಟೆ, ಅಟ್ಟದ ಅಡಿಕೆ, ಬಿತ್ತನೆಯ ಬೀಜ ಎಲ್ಲವೂ ಒಣಗುತ್ತಿದ್ದವು. ಆ ಹೊಗೆಯನ್ನು ನಾನು ಹಾಡಿ ಹೊಗಳಲಾರೆ. ನಮ್ಮ ಅಜ್ಜಿಯರ ಕಣ್ಣು, ಶ್ವಾಸಕೋಶಗಳು ಅದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. ಒಲೆ ಹೋದುದು ಒಳ್ಳೆಯದೇ ಆಯಿತು. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಯಾವುದಕ್ಕೆ ವಹಿಸಬೇಕೆಂದು ಯಾರೂ ಯೋಚಿಸಲಿಲ್ಲ. ಬಯಲುಸೀಮೆಯ ಬಿಸಿಲಿಗೆಂದು ಬರೆದ ನಕ್ಷೆಯನ್ನು ತಂದು ಕಾಂಕ್ರೀಟಿನ ಮನೆ ಕಟ್ಟಿದೆವು. ಸೂರು ಗಿಡ್ಡವಾಯಿತು, ಗೋಡೆ ಮಳೆಗೆ ಬೆತ್ತಲಾಯಿತು.

ಇದು ಬರಿಯ ಅನಾನುಕೂಲದ ಮಾತಲ್ಲ. ತೇವ ಮತ್ತು ಬೂಷ್ಟುಗಳಿಗೂ ಉಬ್ಬಸ ಮೊದಲಾದ ಉಸಿರಾಟದ ಕಾಯಿಲೆಗಳಿಗೂ ಇರುವ ಸಂಬಂಧವನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎತ್ತಿಹೇಳಿದೆ. ಇದಕ್ಕಿಂತ ಘೋರವಾದುದು ಮತ್ತೊಂದಿದೆ. ಚಳಿ ತಾಳಲಾರದೆ, ಅಥವಾ ಕೂಸಿನ ಬಟ್ಟೆ ಒಣಗಿಸಲೆಂದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಮಲಗುವವರಿದ್ದಾರೆ. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಹಿಡಿಯುತ್ತದೆ, ಮಲಗಿದವರು ಏಳುವುದಿಲ್ಲ. ಮನೆಯಲ್ಲಿ ಈ ಪದ್ಧತಿಯಿದ್ದರೆ ಇದನ್ನು ಓದಿದ ವಿದ್ಯಾರ್ಥಿ ಇಂದೇ ಹಿರಿಯರಿಗೆ ತಿಳಿಸಬೇಕು, ಅವರು ಗದರಿದರೂ ಸರಿಯೆ.

ಕೊಠಡಿಯ ತೇವ ಹೀರುವ ವಿದ್ಯುದ್ಯಂತ್ರಗಳು ಈಗ ದೊರೆಯುತ್ತವೆ. ಅವು ಕೆಲಸ ಮಾಡುತ್ತವೆ, ನಿಜ. ಆದರೆ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಊರಿನಲ್ಲಿ ಅವನ್ನೇ ನಚ್ಚಿರುವುದು ಹೇಗೆ? ಬಟ್ಟಲಲ್ಲಿಟ್ಟ ಉಪ್ಪು, ಸುಣ್ಣಗಳು ಮುಚ್ಚಿದ ಪೆಟ್ಟಿಗೆಗೆ ಸಾಕಾದಾವು, ಕೋಣೆಗಲ್ಲ.

ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಪ್ರತಿ ಹೊಸ ಮನೆಗೂ ಬಟ್ಟೆ ಒಣಗಿಸಲೆಂದೇ ಒಂದು ಕಿರುಕೋಣೆ ಬೇಕು. ಬಚ್ಚಲ ಹಂಡೆಯ ಒಲೆ ಇಂದಿಗೂ ಅನೇಕ ಕಡೆ ಉರಿಯುತ್ತಿದೆ. ಅದರ ಗೋಡೆಗೆ ತಾಗಿದಂತೆ ಈ ಕೋಣೆಯನ್ನು ಕಟ್ಟಿ, ಹೊಗೆಯನ್ನು ಕೊಳವೆಯಿಂದ ನೇರವಾಗಿ ಮಾಡಿನಾಚೆ ಬಿಡಬೇಕು. ಕೋಣೆಗೆ ಕೆಳಗೊಂದು, ಮೇಲೊಂದು ಗವಾಕ್ಷಿಯಿರಲಿ. ಮನೆಯ ಕಡೆಯ ಬಾಗಿಲು ಮುಚ್ಚಿರಲಿ. ಈಗಾಗಲೇ ಕಟ್ಟಿದ ಮನೆಯಲ್ಲಿರುವವರು ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ, ಅಡಿಗೆ ಮತ್ತು ಸ್ನಾನದ ಹೊತ್ತಿನಲ್ಲಿ ಗಾಳಿಮರೆಯ ದಿಕ್ಕಿನ ಕಿಟಕಿಯನ್ನು ತೆರೆದಿಡಬಹುದು. ಹತ್ತಿದ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು. ಅದರ ಬೀಜಾಣುಗಳು ಮನೆಯೆಲ್ಲ ಹಾರಾಡುತ್ತವೆ. ಸಾಬೂನುನೀರಿನ ಬಟ್ಟೆಯಿಂದ ಒರೆಸಿ, ಆ ಜಾಗವನ್ನು ಒಣಗಿಸಬೇಕು.